ಎಪ್ಪತ್ತೆರಡರಲ್ಲಿ ಒಂದು ಪಾಲಿನ ಹರಿಕೇನ್

ನನ್ನ ಅಕ್ಕನ ಮಗ ಏಳನೇ ಕ್ಲಾಸು. ಹೋದ ಬೇಸಿಗೆ ರಜೆಗೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದ. ನನ್ನ ಟೇಬಲ್ ಮೇಲೆ ಎರಡು ಪುಟ್ಟ ವಿಮಾನ ನಿಂತಿದ್ದವು. ಎರಡೂ ಒಂದೇ ಥರದ ಕಿಟ್‌ನಿಂದ, ಅಂದರೆ ಬಿಡಿ ಭಾಗಗಳನ್ನು ಅಂಟಿಸಿ ಮಾಡೆಲ್ ಕಟ್ಟುವ ಪೆಟ್ಟಿಗೆಯಿಂದ, ಮಾಡಿದ್ದು. ಒಂದು ನಾನು ಕಲಿಯುವಾಗ ಮಾಡಿದ್ದು, ಇನ್ನೊಂದು ಆಗಷ್ಟೇ ಮುಗಿಸಿದ್ದು. ಹಳೆಯದನ್ನು ಕೈಯಲ್ಲಿ ಎತ್ತಿಕೊಂಡು, ಗುಂಯ್ ಅಂತ ಸದ್ದು ಮಾಡುತ್ತಾ ಒಂದು ಸುತ್ತು ಹಾರಿಸಿದ. ಹೊಸದನ್ನು ಮುಟ್ಟಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ರೆಕ್ಕೆಯ ಮಟ್ಟಕ್ಕೆ ಮುಖ ತಂದು ನೋಡಿದ. ಆಮೇಲೆ ತೀರ್ಪು ಕೊಟ್ಟ. "ಮಾಮ, ಅದು ಆಟದ ಸಾಮಾನು. ಇದು ವಿಮಾನ."

ಹುಡುಗ ಹೇಳಿದ್ದು ಸರಿ. ಆದರೆ ಯಾಕೆ ಸರಿ? ಎರಡೂ ಒಂದೇ ಅಚ್ಚಿನಿಂದ ಬಂದ ಪ್ಲಾಸ್ಟಿಕ್. ಉದ್ದ, ಅಗಲ, ಆಕಾರ ಎಲ್ಲಾ ಒಂದೇ. ಎರಡಕ್ಕೂ ಹಸಿರು ಮತ್ತು ಮಣ್ಣಿನ ಬಣ್ಣವೇ ಹಚ್ಚಿದ್ದೇನೆ. ಹಾಗಿದ್ದೂ ಕಣ್ಣು ಒಂದನ್ನು ನಂಬುತ್ತದೆ, ಇನ್ನೊಂದನ್ನು ನಂಬುವುದಿಲ್ಲ. "ಅಂಟಿಸಿ ಬಣ್ಣ ಹೊಡೆಯೋದು ಅಷ್ಟೇ ಅಲ್ವಾ" ಅಂತ ಕೇಳುವವರಿಗೆಲ್ಲ ನಾನು ಹೇಳಬೇಕಾದ ಉತ್ತರ ಈ ಎರಡು ವಿಮಾನಗಳ ನಡುವೆ ಇದೆ.

ಮೊದಲು ವಿಮಾನದ ಪರಿಚಯ. ಇದು ಹಾಕರ್ ಹರಿಕೇನ್, ಬ್ರಿಟಿಷರ ಯುದ್ಧವಿಮಾನ. ಸಿಡ್ನಿ ಕ್ಯಾಮ್ ಎಂಬ ಎಂಜಿನಿಯರ್‌ನ ವಿನ್ಯಾಸ. ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್. ಎರಡನೇ ಮಹಾಯುದ್ಧದ ವಿಮಾನ ಅಂದ ಕೂಡಲೇ ಎಲ್ಲರೂ ಸ್ಪಿಟ್‌ಫೈರ್ ಅನ್ನುತ್ತಾರೆ. ನಾನು ಬೇಕೆಂದೇ ಹರಿಕೇನ್ ಆರಿಸಿದೆ. 1944ರಲ್ಲಿ ಇಂಫಾಲದ ಕಡೆ ಜಪಾನಿ ಸೈನ್ಯ ನುಗ್ಗಿ ಬಂದಾಗ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಅಲ್ಲಿ ಹಾರಿಸುತ್ತಿದ್ದದ್ದು ಹರಿಕೇನ್. ಆ ಸ್ಕ್ವಾಡ್ರನ್‌ನ ನಾಯಕ ಅರ್ಜನ್ ಸಿಂಗ್. ಅವರಿಗೆ ಅದೇ ವರ್ಷ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಮುಂದೆ 1965ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದವರೂ ಅವರೇ. ನಮ್ಮವರು ಕೂತು ಹಾರಿಸಿದ ವಿಮಾನ ಮಾಡುವುದರಲ್ಲಿ ಒಂದು ಖುಷಿ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎಪ್ಪತ್ತೆರಡು ಯಾಕೆ?

ಮಾಡೆಲ್ ಪೆಟ್ಟಿಗೆಯ ಮೇಲೆ 1/72 ಅಂತ ಬರೆದಿರುತ್ತದೆ. ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ನೂರು ಅಂತ ಇಟ್ಟಿದ್ದರೆ ಲೆಕ್ಕ ಸುಲಭ ಆಗುತ್ತಿತ್ತು ಅನ್ನಿಸಬಹುದು. ಇದು ಅಡಿ, ಇಂಚಿನ ಕಾಲದ ಲೆಕ್ಕ. ಆರು ಅಡಿಗೆ 72 ಇಂಚು. ಹಾಗಾಗಿ ನಿಜದ ಆರು ಅಡಿ ಮಾಡೆಲ್‌ನಲ್ಲಿ ಒಂದು ಇಂಚು. ಇನ್ನೊಂದು ಜನಪ್ರಿಯ ಅಳತೆ 1/48. ಅಲ್ಲಿ ನಾಲ್ಕು ಅಡಿಗೆ ಒಂದು ಇಂಚು.

72ಕ್ಕೂ ಯುದ್ಧಕ್ಕೂ ನೇರ ಸಂಬಂಧ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಮರದಲ್ಲಿ 1/72 ಅಳತೆಯ ವಿಮಾನಗಳನ್ನು ಕೆತ್ತಿ ಕಪ್ಪು ಬಣ್ಣ ಬಳಿದು ಕೊಡಬೇಕು. ಕೇಳಿದ್ದು ಐದು ಲಕ್ಷ ಮಾಡೆಲ್. ದೂರದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಅಂತ ನೋಡಿದ ಕೂಡಲೇ ಗುರುತಿಸಲು ಸೈನಿಕರಿಗೆ ತರಬೇತಿ ಕೊಡುವುದಕ್ಕೆ ಅವು ಬೇಕಿತ್ತು. ಅದರ ಹಿಂದಿನ ಲೆಕ್ಕ ಸರಳ. ಹತ್ತು ಮೀಟರ್ ದೂರದಲ್ಲಿ ಹಿಡಿದ ಮಾಡೆಲ್, 720 ಮೀಟರ್ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಈ ಮಾತು ನೆನಪಿರಲಿ, ಬಣ್ಣದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಹರಿಕೇನ್‌ನ ರೆಕ್ಕೆ ತುದಿಯಿಂದ ತುದಿಗೆ 12.19 ಮೀಟರ್. 72ರಿಂದ ಭಾಗಿಸಿದರೆ 169 ಮಿಲಿಮೀಟರ್, ಒಂದು ಗೇಣಿಗಿಂತ ಕಡಿಮೆ. ಒಳಗೆ ಕೂರುವ ಪೈಲಟ್ ಎದ್ದು ನಿಂತರೆ 24 ಮಿಲಿಮೀಟರ್. ನಮ್ಮ ಚಳ್ಳಕೆರೆ ಕಡೆಯ ಒಂದು ಶೇಂಗಾ ಕಾಯಿ ಅಂದುಕೊಳ್ಳಿ. ಅವನಿಗೆ ದಾವಣಗೆರೆಯ ಬೆಣ್ಣೆ ದೋಸೆ ಕೊಡಬೇಕು ಅಂದರೆ ಎಳ್ಳಿನ ಕಾಳಿನಷ್ಟು ದೋಸೆ ಹುಯ್ಯಬೇಕು.

ಈ ಭಾಗಾಕಾರವನ್ನು ಕಿಟ್ ಮಾಡುವ ಕಂಪನಿ ಮಾಡಿಕೊಟ್ಟಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಗುಣಾಕಾರ. ಮಾಡೆಲ್ ಮೇಲೆ ಕಾಣುವ ಪ್ರತಿಯೊಂದನ್ನೂ 72ರಿಂದ ಗುಣಿಸಿ ನೋಡಬೇಕು. ಅಲ್ಲೇ ಆಟದ ಸಾಮಾನು ಸಿಕ್ಕಿಬೀಳುವುದು.

ನನ್ನ ಹಳೆಯ ಹರಿಕೇನ್‌ನ ಕಾಕ್‌ಪಿಟ್ ಗಾಜಿನ ದಪ್ಪ ಒಂದು ಮಿಲಿಮೀಟರ್. ಗುಣಿಸಿ. ಏಳು ಸೆಂಟಿಮೀಟರ್‌ಗೂ ಜಾಸ್ತಿ ದಪ್ಪದ ಗಾಜು! ರೆಕ್ಕೆಯ ಹಿಂದಿನ ಅಂಚು ಅರ್ಧ ಮಿಲಿಮೀಟರ್, ಅಂದರೆ ನಿಜದಲ್ಲಿ 36 ಮಿಲಿಮೀಟರ್. ಚಾಕುವಿನಂತೆ ತೆಳುವಾಗಿರಬೇಕಾದ ಜಾಗದಲ್ಲಿ ಹಲಗೆ ಇಟ್ಟಂತೆ. ಬ್ರಷ್‌ನಲ್ಲಿ ಹಚ್ಚಿದ ಬಣ್ಣ 0.1 ಮಿಲಿಮೀಟರ್ ಕೂತಿದ್ದರೆ, ಅದು ಏಳು ಮಿಲಿಮೀಟರ್ ದಪ್ಪದ ಗಾರೆ. ಹುಡುಗನಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಅವನ ಕಣ್ಣಿಗೆ ಗೊತ್ತು.

ಇಡೀ ಕಸುಬಿನ ತಿರುಳು ಇಷ್ಟೇ. ಆಕಾರ ಅಚ್ಚಿನಲ್ಲೇ ಚಿಕ್ಕದಾಗಿ ಬರುತ್ತದೆ. ಪ್ಲಾಸ್ಟಿಕ್‌ನ ದಪ್ಪ, ಬಣ್ಣದ ಪದರ, ಧೂಳಿನ ಕಣ, ಬೆಳಕು ಇವು ಯಾವುವೂ ತಾವಾಗಿ ಚಿಕ್ಕದಾಗುವುದಿಲ್ಲ. ಅವನ್ನು ನಾವು ಚಿಕ್ಕದು ಮಾಡಬೇಕು. ಆಗದಿದ್ದರೆ ಚಿಕ್ಕದಾಗಿವೆ ಅಂತ ಕಣ್ಣಿಗೆ ಸುಳ್ಳು ಹೇಳಬೇಕು.

ಇದು ಹವ್ಯಾಸದವರ ಗೋಳು ಮಾತ್ರ ಅಲ್ಲ. ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್, ಅಂದರೆ ವಿಮಾನ ಪರೀಕ್ಷೆ ಮಾಡುವ ಜಾಗ, ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆ ಇರುವ ತಮ್ಮ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನೇ ರನ್‌ವೇ ಹುಡುಕಿಕೊಂಡು ಇಳಿಯಿತು. ಅದೂ ಮುಂದೆ ಕಟ್ಟಬೇಕಾದ ದೊಡ್ಡ ವಾಹನದ ಚಿಕ್ಕ ರೂಪವೇ. ವಿಮಾನ ಚಿಕ್ಕದು ಮಾಡಬಹುದು, ಗಾಳಿಯನ್ನು ಚಿಕ್ಕದು ಮಾಡಲು ಬರುವುದಿಲ್ಲ. ವಿಂಡ್ ಟನೆಲ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಹಾಯಿಸುವ ಸುರಂಗದಲ್ಲಿ, ಮಾಡೆಲ್ ಇಟ್ಟು ಪರೀಕ್ಷೆ ಮಾಡುವ ಎಂಜಿನಿಯರ್‌ಗಳು ಇದಕ್ಕೇ ಲೆಕ್ಕದ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮದು ಅದರ ಮುಂದೆ ಹುಡುಗಾಟ, ಆದರೆ ತೊಂದರೆ ಒಂದೇ ಜಾತಿಯದು.

ಪೆಟ್ಟಿಗೆ ತೆರೆದ ಮೇಲೆ

ಕಿಟ್ ಅಂದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಭಾಗಗಳು. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಒತ್ತಿ ತುಂಬುತ್ತಾರೆ. ಅದು ಹರಿದು ಬಂದ ಕಾಲುವೆಗಳೇ ಗಟ್ಟಿಯಾಗಿ ಒಂದು ಚೌಕಟ್ಟು ಆಗುತ್ತದೆ. ಮಾವಿನ ಗೊಂಚಲಿನ ಹಾಗೆ ಭಾಗಗಳು ಅದಕ್ಕೆ ತೊಟ್ಟಿನಿಂದ ಅಂಟಿಕೊಂಡಿರುತ್ತವೆ. ಇದಕ್ಕೆ ಸ್ಪ್ರೂ ಅನ್ನುತ್ತಾರೆ. ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲಿ ಅಂತ ಹಚ್ಚಿದ ಎಣ್ಣೆಯಂಥ ಪದಾರ್ಥ ಮೇಲೆ ಉಳಿದಿರಬಹುದು. ಹಾಗಾಗಿ ಮೊದಲ ಕೆಲಸ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎಲ್ಲಾ ತೊಳೆದು ಒಣಗಿಸುವುದು. ಇದನ್ನು ಬಿಟ್ಟರೆ ಬಣ್ಣ ಮುಂದೊಂದು ದಿನ ಸಿಪ್ಪೆ ಏಳುತ್ತದೆ.

ಭಾಗಗಳನ್ನು ಕೈಯಲ್ಲಿ ತಿರುಚಿ ಕೀಳಬಾರದು. ತೊಟ್ಟನ್ನು ಸ್ವಲ್ಪ ಬಿಟ್ಟು ನಿಪ್ಪರ್‌ನಲ್ಲಿ ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಲ್ಲಿ ಸವರಿ, ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಬೇಕು. ಕಾರು ಪೇಂಟ್ ಮಾಡುವವರು ಬಳಸುವ ಅದೇ ವಾಟರ್ ಪೇಪರ್. ಅದು ಚಿತ್ರದುರ್ಗದಲ್ಲೇ ಸಿಗುತ್ತದೆ. 400 ನಂಬರ್‌ನಿಂದ ಶುರು, 1000ಕ್ಕೆ ಮುಗಿಸಿದರೆ ಸಾಕು.

ಅಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ನಾನು ಮೂರು ವಿಮಾನ ಕೆಡಿಸಿದ್ದೇನೆ. ಪ್ಲಾಸ್ಟಿಕ್ ಸಿಮೆಂಟ್ ಅಂತ ಮಾರುವ ಅಂಟು ನಿಜಕ್ಕೂ ಅಂಟು ಅಲ್ಲ. ಅದು ಪ್ಲಾಸ್ಟಿಕ್ ಕರಗಿಸುವ ದ್ರಾವಣ. ಎರಡು ಭಾಗ ಜೋಡಿಸಿ ಹಿಡಿದು, ಸಂದಿಗೆ ಬ್ರಷ್ ತಾಗಿಸಿದರೆ ದ್ರಾವಣ ಬತ್ತಿಗೆ ಎಣ್ಣೆ ಏರಿದ ಹಾಗೆ ತಾನೇ ಸಂದಿಯುದ್ದಕ್ಕೂ ಓಡುತ್ತದೆ. ಎರಡು ಕಡೆಯ ಪ್ಲಾಸ್ಟಿಕ್ ಕರಗಿ ಬೆರೆಯುತ್ತದೆ, ದ್ರಾವಣ ಆರಿ ಹೋಗುತ್ತದೆ. ಉಳಿಯುವುದು ಒಂದೇ ತುಂಡು. ಬೆಸುಗೆ ಅಂತ ಬೇಕಾದರೆ ಕರೆಯಿರಿ.

ಇದೇ ತರ್ಕ ಹಿಡಿದು ನಾನೊಮ್ಮೆ ಬುದ್ಧಿವಂತಿಕೆ ಮಾಡಿದೆ. ಸಿಮೆಂಟ್ ಮುಗಿದಿತ್ತು. ಗ್ಯಾರೇಜಿನವರ ಎನ್‌ಸಿ ಥಿನ್ನರ್ ಕೂಡ ಪ್ಲಾಸ್ಟಿಕ್ ಕರಗಿಸುತ್ತದಲ್ಲ, ಅದನ್ನೇ ಹಾಕೋಣ ಅಂತ ಹಾಕಿದೆ. ಕರಗಿಸಿತು. ನಿಲ್ಲಿಸಲಿಲ್ಲ. ಬೆಳಿಗ್ಗೆ ನೋಡಿದರೆ ರೆಕ್ಕೆಯ ಬುಡ ಹಪ್ಪಳ ಸುಟ್ಟ ಹಾಗೆ ಮುದುರಿತ್ತು.

ಫೆವಿಕ್ವಿಕ್ ಥರದ ಅಂಟು ಲೋಹದ ತುಂಡುಗಳಿಗೆ ಸರಿ. ಅದನ್ನು ಗಾಜಿನ ಭಾಗದ ಹತ್ತಿರ ತರಬೇಡಿ. ಅದರ ಆವಿ ಸುತ್ತಮುತ್ತ ಕೂತು ಬಿಳಿ ಮಂಜು ಕಟ್ಟುತ್ತದೆ. ಪಾರದರ್ಶಕ ಭಾಗಕ್ಕೆ ಎಲ್ಲಕ್ಕಿಂತ ಒಳ್ಳೆಯದು ಮಕ್ಕಳ ಫೆವಿಕಾಲ್. ಹಚ್ಚುವಾಗ ಬಿಳಿ, ಆರಿದ ಮೇಲೆ ನೀರಿನಂತೆ ತಿಳಿ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಮೊದಲು ಒಳಗಿನದು

ಮನೆ ಕಟ್ಟುವವರು ಗೋಡೆ ಎಬ್ಬಿಸಿ ಆಮೇಲೆ ಒಳಗೆ ಸಾಮಾನು ಇಡುತ್ತಾರೆ. ಇಲ್ಲಿ ಉಲ್ಟಾ. ವಿಮಾನದ ಬಾಡಿ ಎಡ, ಬಲ ಎರಡು ಹೋಳಾಗಿ ಬರುತ್ತದೆ, ಶೇಂಗಾ ಸಿಪ್ಪೆಯ ಹಾಗೆ. ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಹಾಗಾಗಿ ಕಾಕ್‌ಪಿಟ್ ಮೊದಲು ಮುಗಿಯಬೇಕು, ಬಣ್ಣದ ಸಮೇತ.

ಹರಿಕೇನ್‌ನ ಕಾಕ್‌ಪಿಟ್‌ನಲ್ಲಿ ಒಂದು ವಿಚಿತ್ರ ಇದೆ. ಅದಕ್ಕೆ ಸರಿಯಾದ ನೆಲವೇ ಇಲ್ಲ. ಪೈಲಟ್‌ನ ಪಾದಗಳಿಗೆ ಎರಡು ಪಟ್ಟಿ, ಅದರ ಕೆಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಕೆಳಗೆ ಕತ್ತಲು. ಪೆನ್ನು ಬಿದ್ದರೆ ಬಿದ್ದ ಹಾಗೆಯೇ. ಹಳೆಯ ಕಿಟ್‌ಗಳಲ್ಲಿ ಸುಲಭಕ್ಕೆ ಒಂದು ಚಪ್ಪಟೆ ನೆಲ ಕೊಟ್ಟಿರುತ್ತಾರೆ. ನಾನು ಅದನ್ನು ಕತ್ತರಿಸಿ ತೆಗೆದು, ಸ್ಪ್ರೂವನ್ನು ದೀಪದ ಉರಿಗೆ ಹಿಡಿದು ಎಳೆದು, ಬಂದ ತೆಳು ಕಡ್ಡಿಗಳಿಂದ ಆ ಕೊಳವೆ ಚೌಕಟ್ಟು ಕಟ್ಟಿದೆ. ಎರಡು ಸಂಜೆ ಹಿಡಿಯಿತು. ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲ. ಕತ್ತಲು ಮಾತ್ರ ಸರಿಯಾದ ಆಳದಲ್ಲಿ ಕಾಣುತ್ತದೆ, ನನಗೆ ಅದು ಸಾಕು. ಮನೆಯವರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಪೈಲಟ್‌ನ ಸೀಟ್ ಬೆಲ್ಟು ಮಾಡಲು ಹಿತ್ತಾಳೆಯ ಹಾಳೆಯಲ್ಲಿ ಆಸಿಡ್‌ನಿಂದ ಕೊರೆದ ಭಾಗಗಳು ಮಾರಾಟಕ್ಕಿವೆ. ನನ್ನ ದಾರಿ ಅಗ್ಗ. ಚಾಕೊಲೇಟಿನ ಬೇಗಡೆಯನ್ನು ಅರ್ಧ ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸೀಟಿನ ಮೇಲೆ ಬಳುಕಿಸಿ ಅಂಟಿಸುತ್ತೇನೆ. ಪ್ಲಾಸ್ಟಿಕ್‌ನಲ್ಲಿ ಅಚ್ಚಾದ ಬೆಲ್ಟು ಸೀಟಿಗೆ ಮೆತ್ತಿದ ಹಿಟ್ಟಿನ ಹಾಗಿರುತ್ತದೆ. ಬೇಗಡೆಯದು ಯಾರೋ ಈಗಷ್ಟೇ ಬಿಚ್ಚಿ ಎದ್ದು ಹೋದ ಹಾಗೆ ಬೀಳುತ್ತದೆ. ಒಳಗಿನ ಬಣ್ಣ ಬೂದು ಬೆರೆತ ತಿಳಿ ಹಸಿರು, ಬ್ರಿಟಿಷ್ ವಿಮಾನಗಳ ಒಳಬಣ್ಣ ಅದು.

ಬಾಡಿ ಮುಚ್ಚಿದ ಮೇಲೆ ನೆತ್ತಿಯ ಉದ್ದಕ್ಕೂ ಒಂದು ಕೂಡು ಗೆರೆ ಉಳಿಯುತ್ತದೆ. ನಿಜವಾದ ವಿಮಾನದಲ್ಲಿ ಆ ಗೆರೆ ಇಲ್ಲ. ಎನ್‌ಸಿ ಪುಟ್ಟಿ ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ತಿಕ್ಕಿ, ಬೂದು ಪ್ರೈಮರ್ ಹೊಡೆದು ನೋಡಬೇಕು. ಗೆರೆ ಮತ್ತೆ ಕಾಣುತ್ತದೆ. ಮತ್ತೆ ಪುಟ್ಟಿ. ಈ ಕೆಲಸದ ಬಗ್ಗೆ ಹೇಳಲು ಇನ್ನೇನೂ ಇಲ್ಲ. ಬೇಸರದ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ.

ರೆಕ್ಕೆ ಕೂರಿಸುವಾಗ ಮುಂದಿನಿಂದ ನೋಡಿ. ಹರಿಕೇನ್‌ನ ರೆಕ್ಕೆಯ ನಡುಭಾಗ ನೆಲಕ್ಕೆ ಸಮ, ಅಲ್ಲಿಂದಾಚೆ ಎರಡೂ ಕಡೆ ಸ್ವಲ್ಪ ಮೇಲಕ್ಕೆ ಎತ್ತಿದೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆದರೆ ಎಷ್ಟು ಚೆಂದ ಬಣ್ಣ ಹೊಡೆದರೂ ಕುಂಟು ಕುಂಟೇ.

2ಸಿ ಮಾದರಿಯ ಹರಿಕೇನ್‌ನಲ್ಲಿ ರೆಕ್ಕೆಯಿಂದ ನಾಲ್ಕು 20 ಮಿಲಿಮೀಟರ್ ಫಿರಂಗಿಗಳು ಮುಂದಕ್ಕೆ ಚಾಚಿರುತ್ತವೆ. ಕಿಟ್‌ನಲ್ಲಿ ಅವು ತೂತಿಲ್ಲದ ಪ್ಲಾಸ್ಟಿಕ್ ಕಡ್ಡಿಗಳು. ಮೆಡಿಕಲ್ ಶಾಪಿನಲ್ಲಿ 25 ಗೇಜ್ ಇಂಜೆಕ್ಷನ್ ಸೂಜಿ ತನ್ನಿ. ಹೊರಗಿನ ಅಳತೆ 0.51 ಮಿಲಿಮೀಟರ್, ಒಳಗಿನ ತೂತು 0.26. ಈಗ ತೂತನ್ನು 72ರಿಂದ ಗುಣಿಸಿ. 18.7 ಮಿಲಿಮೀಟರ್! ಇಷ್ಟು ಹತ್ತಿರದ ಲೆಕ್ಕ ಕೂಡಿಬಂದ ದಿನ ನಾನು ಸುಮ್ನೆ ಕೂತು ನಕ್ಕಿದ್ದೇನೆ. ಚೂಪು ತುದಿಯನ್ನು ಅರದಲ್ಲಿ ಉಜ್ಜಿ ಕತ್ತರಿಸಿ, ಕಣ್ಣಿಗೆ ಕನ್ನಡಕ ಇರಲಿ, ಸೂಜಿ ಚೂರು ಹಾರುತ್ತದೆ.

ಬಟ್ಟೆ ಯಾವುದು, ಲೋಹ ಯಾವುದು

ಹರಿಕೇನ್ ಅರ್ಧ ಹಳೆಯ ಕಾಲದ ವಿಮಾನ. ಮೂಗಿನಿಂದ ಕಾಕ್‌ಪಿಟ್‌ವರೆಗೆ ಲೋಹದ ತಗಡು. ಅದರ ಹಿಂದೆ ಬಾಲದವರೆಗೆ ಮರದ ಪಟ್ಟಿಗಳ ಮೇಲೆ ಬಿಗಿದು ಡೋಪ್ (ಬಟ್ಟೆಯನ್ನು ಬಿಗಿಯಾಗಿಸುವ ವಾರ್ನಿಶ್) ಬಳಿದ ಬಟ್ಟೆ. ಯುದ್ಧದಲ್ಲಿ ಇದು ಅನುಕೂಲಕ್ಕೇ ಬಂತು. ಗುಂಡು ಕೆಲವೊಮ್ಮೆ ಬಟ್ಟೆಯಲ್ಲಿ ತೂತು ಮಾಡಿಕೊಂಡು ಆಚೆ ಹೋಗುತ್ತಿತ್ತು. ರಿಪೇರಿಯವರು ತೇಪೆ ಹಾಕಿ ಮತ್ತೆ ಹಾರಲು ಕಳಿಸುತ್ತಿದ್ದರು.

ಮಾಡೆಲ್ ಮಾಡುವವನಿಗೆ ಈ ಗಡಿ ಗೊತ್ತಿರಬೇಕು. ಯಾಕೆಂದರೆ ಎರಡೂ ಬೇರೆ ಬೇರೆ ರೀತಿ ಹಳೆಯದಾಗುತ್ತವೆ. ತಗಡಿನ ಮೇಲಿನ ಬಣ್ಣ ಉದುರಿದರೆ ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ. ಬಟ್ಟೆಯ ಮೇಲೆ ಹೊಳೆಯಲು ಏನಿದೆ? ಆದರೂ ಬಾಲದವರೆಗೂ ಬೆಳ್ಳಿ ಚುಕ್ಕಿ ಇಟ್ಟ ಹರಿಕೇನ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನು ಕೆಲವರು ಕಂದು ತುಕ್ಕು ಹಚ್ಚುತ್ತಾರೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಅಡುಗೆಮನೆಯ ಪಾತ್ರೆ ನೋಡಿದರೂ ಗೊತ್ತಾಗುತ್ತದೆ.

ಎಲ್ಲಿ ಬಣ್ಣ ಉದುರುತ್ತದೆ ಅನ್ನುವುದಕ್ಕೂ ಕಾರಣ ಬೇಕು. ಹರಿಕೇನ್‌ಗೆ ಹತ್ತುವ ಮೆಟ್ಟಿಲು ಎಡಕ್ಕಿದೆ. ಪೈಲಟ್ ಬೂಟು ಕಾಲಲ್ಲಿ ಎಡ ರೆಕ್ಕೆಯ ಬುಡದ ಮೇಲೆ ನಡೆದು ಒಳಗೆ ಹೋಗುತ್ತಾನೆ. ಸವೆತ ಅಲ್ಲಿ ಜಾಸ್ತಿ. ಮೆಕ್ಯಾನಿಕ್ ದಿನಾ ಬಿಚ್ಚಿ ಹಾಕುವ ಎಂಜಿನ್ ಮುಚ್ಚಳದ ತಿರುಪಿನ ಸುತ್ತ ಸ್ವಲ್ಪ. ಬಲ ರೆಕ್ಕೆಯ ತುದಿಯಲ್ಲಿ ಯಾರೂ ನಡೆಯುವುದಿಲ್ಲ, ಅಲ್ಲಿ ಸವೆತವೂ ಬೇಡ.

ಬಣ್ಣ ಮತ್ತು ನಮ್ಮೂರ ಹವೆ

ಮೇಲೆ ಕಡು ಹಸಿರು ಮತ್ತು ಮಣ್ಣುಗಂದು ತೇಪೆಗಳು, ಕೆಳಗೆ ತಿಳಿ ಬೂದು. ಬಣ್ಣದ ಡಬ್ಬಿಯ ಮೇಲೆ ಹೆಸರು ನಂಬರು ಎಲ್ಲಾ ಸರಿ ಇರುತ್ತದೆ. ಹಾಗೇ ಹೊಡೆದರೆ ಮಾಡೆಲ್ ಕಪ್ಪಾಗಿ ಕಾಣುತ್ತದೆ. ಇಲ್ಲಿ ಆ 720 ಮೀಟರ್ ಲೆಕ್ಕ ನೆನಪಿಸಿಕೊಳ್ಳಿ. ಜೋಗಿಮಟ್ಟಿಯ ಗುಡ್ಡ ಹತ್ತಿರ ಹೋದರೆ ಹಸಿರು, ಊರೊಳಗಿಂದ ನೋಡಿದರೆ ಬೂದು ನೀಲಿ. ನಡುವಿನ ಗಾಳಿ, ಧೂಳು ಬೆಳಕನ್ನು ಚೆದುರಿಸಿ ಬಣ್ಣದ ಮೇಲೆ ತೆಳು ಬಿಳಿ ಎಳೆಯುತ್ತದೆ. ಮಾಡೆಲನ್ನು ನಾವು ಹತ್ತಿರದಿಂದ ನೋಡಿದರೂ, ಕಣ್ಣಿನ ಮಟ್ಟಿಗೆ ಅದು ದೂರದ ವಿಮಾನ. ಅದಕ್ಕೆ ಪ್ರತಿ ಬಣ್ಣಕ್ಕೂ ಕೆಲವು ಹನಿ ಬಿಳಿ ಅಥವಾ ತಿಳಿ ಬೂದು ಸೇರಿಸುತ್ತೇವೆ. ಅಚ್ಚ ಕಪ್ಪನ್ನು ನಾನು ಬಳಸುವುದೇ ಇಲ್ಲ. ಟೈರು, ಪ್ರೊಪೆಲ್ಲರ್ ಎಲ್ಲಾ ಕಡು ಬೂದು.

ಎಷ್ಟು ಹನಿ ಅಂತ ಕೇಳಿದರೆ ಸೂತ್ರ ಕೊಡುವವರಿದ್ದಾರೆ. ನನಗೆ ಸೂತ್ರದಲ್ಲಿ ನಂಬಿಕೆ ಇಲ್ಲ. ಒಂದು ಚೂರು ಪ್ಲಾಸ್ಟಿಕ್ ಮೇಲೆ ಹೊಡೆದು, ಕಿಟಕಿ ಬೆಳಕಲ್ಲಿ ಹಿಡಿದು ನೋಡಿ.

ಏರ್‌ಬ್ರಶ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ. ಅದನ್ನು ಬಳಸುವುದು ಬಣ್ಣದ ಪದರ ತೆಳುವಾಗಲಿ ಅಂತ. ನುಣುಪು ಅದರ ಜೊತೆ ಸಿಗುವ ಲಾಭ. ಹಳೇ ಫ್ರಿಜ್ಜಿನ ಕಂಪ್ರೆಸರ್‌ಗೆ ಒಂದು ಗಾಳಿ ಟ್ಯಾಂಕು ಜೋಡಿಸಿಕೊಂಡು ಕೆಲಸ ಮಾಡುವವರೂ ಇದ್ದಾರೆ. ವಿದ್ಯುತ್ತು, ಒತ್ತಡ ಎರಡೂ ಗೊತ್ತಿದ್ದವರಿಗೆ ಮಾತ್ರ ಆ ದಾರಿ.

ಚಿತ್ರದುರ್ಗದ ಹವೆಯ ಬಗ್ಗೆ ಯಾವ ಕಿಟ್‌ನ ಕಾಗದದಲ್ಲೂ ಬರೆದಿರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ, ಏರ್‌ಬ್ರಶ್‌ನಿಂದ ಹೊರಟ ಬಣ್ಣದ ಹನಿ ದಾರಿಯಲ್ಲೇ ಆರಿ ಪುಡಿಯಾಗಿ ಕೂರುತ್ತದೆ. ರೆಕ್ಕೆ ಮುಟ್ಟಿದರೆ ಉಪ್ಪು ಕಾಗದ. ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಏಳರ ಒಳಗೆ ಬಣ್ಣ ಮುಗಿಸುತ್ತೇನೆ, ಥಿನ್ನರ್ ಸ್ವಲ್ಪ ಜಾಸ್ತಿ ಹಾಕುತ್ತೇನೆ. ಮಳೆ ಹಿಡಿದ ದಿನಗಳಲ್ಲಿ ತೊಂದರೆ ಬೇರೆ. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು, ಬಣ್ಣದಲ್ಲಿ ಬಿಳಿ ಮಬ್ಬು ಸಿಕ್ಕಿಕೊಳ್ಳುತ್ತದೆ. ಆ ದಿನ ಏರ್‌ಬ್ರಶ್ ಮುಟ್ಟದೆ ಡೆಕಾಲ್ (ಗುರುತುಗಳ ಸ್ಟಿಕ್ಕರ್) ಕತ್ತರಿಸುತ್ತಾ ಕೂರುವುದು ಲೇಸು.

ಎರಡು ಬಣ್ಣದ ತೇಪೆ ಕೂಡುವ ಅಂಚು ಹೇಗಿರಬೇಕು? ನಿಜದಲ್ಲಿ ಸ್ಪ್ರೇ ಮಾಡಿದ ಅಂಚು ಒಂದು ಇಂಚಿನಷ್ಟು ಮಸುಕಾಗಿತ್ತು ಅಂತ ಇಟ್ಟುಕೊಳ್ಳಿ. 72ರಿಂದ ಭಾಗಿಸಿದರೆ 0.35 ಮಿಲಿಮೀಟರ್. ಅಷ್ಟು ಸಣ್ಣ ಮಸುಕನ್ನು ಕೈಯಲ್ಲಿ ಹೊಡೆಯುವುದು ಕಷ್ಟ. ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆಯ ಬ್ಲೂ ಟ್ಯಾಕ್ ಅನ್ನು ಶಾವಿಗೆಯ ಹಾಗೆ ಹೊಸೆದು ಅಂಚಿನ ಮೇಲೆ ಇಟ್ಟು, ಮೇಲಿನಿಂದ ನೇರವಾಗಿ ಬಣ್ಣ ಹೊಡೆದರೆ, ಆ ಶಾವಿಗೆಯ ದುಂಡು ಅಂಚಿನ ಕೆಳಗೆ ಸ್ವಲ್ಪವೇ ಬಣ್ಣ ನುಸುಳಿ ಬೇಕಾದಷ್ಟು ಮಸುಕು ಸಿಗುತ್ತದೆ.

ಇನ್ನು ಗುರುತುಗಳು. ಬ್ರಿಟಿಷ್ ವಿಮಾನದ ಸುತ್ತಿನ ಗುರುತಿನ ನಡುವೆ ಕೆಂಪು ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಬರ್ಮಾ ಗಡಿಯಲ್ಲಿ ಆ ಕೆಂಪನ್ನು ತೆಗೆದುಹಾಕಿದರು. ಜಪಾನಿ ವಿಮಾನದ ಗುರುತು ಕೆಂಪು ಸೂರ್ಯ. ಅವಸರದಲ್ಲಿ ನಡುವಿನ ಕೆಂಪು ಮಾತ್ರ ಕಂಡರೆ ನಮ್ಮವರೇ ನಮ್ಮವರಿಗೆ ಗುಂಡು ಹಾರಿಸುವ ಭಯ. ಹಾಗಾಗಿ ಕಡು ನೀಲಿಯೊಳಗೆ ತಿಳಿ ನೀಲಿ. ಇಂಫಾಲದ ಹರಿಕೇನ್‌ಗೆ ಕೆಂಪು ಚುಕ್ಕೆ ಇಟ್ಟರೆ ಅದು ಇಂಗ್ಲೆಂಡಿನ ವಿಮಾನ ಆಗಿಬಿಡುತ್ತದೆ.

ಡೆಕಾಲ್ ನೀರಲ್ಲಿ ನೆನೆಸಿ ಜಾರಿಸುವ ತೆಳು ಪೊರೆ. ಒರಟು ಮೇಲ್ಮೈ ಮೇಲೆ ಕೂರಿಸಿದರೆ ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಗಾಳಿ ಉಳಿದು, ಆರಿದ ಮೇಲೆ ಬೆಳ್ಳಿ ಮಿಂಚು ಕಾಣುತ್ತದೆ. ಅದಕ್ಕೇ ಮೊದಲು ಇಡೀ ವಿಮಾನಕ್ಕೆ ಹೊಳಪಿನ ಕ್ಲಿಯರ್ ಕೋಟ್ ಹೊಡೆದು, ಡೆಕಾಲ್ ಕೂರಿಸಿ, ಕೊನೆಗೆ ಮತ್ತೆ ಹೊಳಪಿಲ್ಲದ ಮ್ಯಾಟ್ ಕೋಟ್ ಹೊಡೆಯುವುದು. ಡೆಕಾಲ್ ಮೆತ್ತಗಾಗಿ ಗೆರೆಯೊಳಗೆ ಇಳಿಯಲು ದ್ರಾವಣ ಮಾರುತ್ತಾರೆ. ನೀರು ಬೆರೆಸಿದ ವಿನೆಗರ್‌ನಲ್ಲೂ ಕೆಲಸ ನಡೆಯುತ್ತದೆ.

ಕೊಳೆ ಮಾಡುವ ಕಲೆ

ಹೊಸ ವಿಮಾನವನ್ನು ಬೇಕೆಂದೇ ಕೊಳೆ ಮಾಡುವುದು ನೋಡಿ ಅಮ್ಮ ಮೊದಮೊದಲು ತಲೆ ಚಚ್ಚಿಕೊಂಡಿದ್ದರು. ತಗಡುಗಳ ನಡುವಿನ ಗೆರೆಗಳಿಗೆ ತೆಳ್ಳಗೆ ಮಾಡಿದ ಕಡು ಕಂದು ಆಯಿಲ್ ಬಣ್ಣ ಹರಿಸಿ, ಮೇಲಿನದನ್ನು ಒರೆಸಬೇಕು. ಗೆರೆಯಲ್ಲಿ ಉಳಿದದ್ದು ನೆರಳಿನ ಕೆಲಸ ಮಾಡುತ್ತದೆ. ಇಲ್ಲೂ ಗುಣಾಕಾರ ಮರೆಯಬೇಡಿ. ಕಿಟ್‌ನ ಗೆರೆ 0.2 ಮಿಲಿಮೀಟರ್ ಇದ್ದರೆ ಅದು ನಿಜದಲ್ಲಿ 14 ಮಿಲಿಮೀಟರ್ ಬಿರುಕು. ಅದನ್ನು ಕಪ್ಪು ಮಾಡಿದರೆ ವಿಮಾನ ಒಡೆದು ಜೋಡಿಸಿದ ಮಡಕೆ ಆಗುತ್ತದೆ. ಮೂಲ ಬಣ್ಣಕ್ಕಿಂತ ಸ್ವಲ್ಪ ಮಾತ್ರ ಕಡು ಇದ್ದರೆ ಸಾಕು.

ಎಂಜಿನ್ ಹೊಗೆಯ ಕಲೆಯನ್ನು ಎಲ್ಲರೂ ಕಪ್ಪು ಹೊಡೆಯುತ್ತಾರೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು. ಬಹಳ ಹೊತ್ತು ಹದವಾಗಿ ಓಡಿದ ಎಂಜಿನ್‌ನ ಕಲೆ ಬೂದುಗಂದು ಬಣ್ಣಕ್ಕೆ ತಿರುಗುತ್ತದೆ, ಅಂಚಿನಲ್ಲಿ ಮಾತ್ರ ಕಪ್ಪು ಮಸಿ. ನನ್ನ ಹಳೆಯ ಮಾಡೆಲ್‌ನಲ್ಲಿ ಸೌದೆ ಒಲೆಯ ಹಿಂದಿನ ಗೋಡೆಯಂತೆ ಕಪ್ಪು ಬಳಿದಿದ್ದೆ.

ವಿಮಾನದ ಬೆನ್ನ ಮೇಲಿನ ಕಂಬದಿಂದ ಬಾಲಕ್ಕೆ ಎಳೆದ ರೇಡಿಯೋ ತಂತಿಗೆ ಹತ್ತಿ ದಾರ ಹಾಕಿದ್ದೂ ಆಗಲೇ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು ಅನ್ನುವ ಅಭಿಮಾನ ಸರಿ, ಆದರೆ 0.2 ಮಿಲಿಮೀಟರ್ ದಾರ ಅಂದರೆ ಬಾವಿ ಹಗ್ಗ. ಕೂದಲು ಅಂದಾಜು 0.07 ಮಿಲಿಮೀಟರ್, ಅಂದರೆ 5 ಮಿಲಿಮೀಟರ್ ತಂತಿ. ಅದು ನಡೆಯುತ್ತದೆ. ಇದಕ್ಕಿಂತ ಮುಖ್ಯ, ತಂತಿ ಬೇಕೇ ಅಂತ ಕೇಳುವುದು. ಹರಿಕೇನ್‌ಗಳಿಗೆ ವಿಎಚ್‌ಎಫ್ ಅನ್ನುವ ಹೊಸ ಬಗೆಯ ರೇಡಿಯೋ ಬಂದ ಮೇಲೆ ಆ ತಂತಿಯೇ ಹೋಯಿತು, ಕಂಬ ಮಾತ್ರ ಉಳಿಯಿತು. ನಾವು ಮಾಡುತ್ತಿರುವ ವಿಮಾನದ, ಆ ವರ್ಷದ ಫೋಟೋ ನೋಡದೆ ಇಂಥದ್ದು ತೀರ್ಮಾನ ಮಾಡಬಾರದು. ನಿಜವಾದ ಹರಿಕೇನ್ ನೋಡಬೇಕು ಅನ್ನಿಸಿದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿ ಒಂದು ಇದೆ.

ಕೊನೆಗೆ ಮಣ್ಣು. ಚಕ್ರಕ್ಕೆ, ರೆಕ್ಕೆಯ ಅಡಿಗೆ ಮಣ್ಣು ಬೇಕಲ್ಲ, ನಿಜವಾದ ಮಣ್ಣೇ ಹಾಕೋಣ ಅಂತ ಒಮ್ಮೆ ಚಂದ್ರವಳ್ಳಿ ಕಡೆಯಿಂದ ಒಂದು ಪೊಟ್ಟಣ ಕೆಮ್ಮಣ್ಣು ತಂದೆ. ಬಟ್ಟೆಯಲ್ಲಿ ಸೋಸಿದೆ. ಬೆರಳಿಗೆ ಪೌಡರ್ ಥರ ನುಣ್ಣಗಿತ್ತು. ವಿಮಾನದ ಮೇಲೆ ಹಾಕಿದರೆ ಟಿಪ್ಪರ್‌ನಿಂದ ಜಲ್ಲಿ ಸುರಿದ ಹಾಗೆ. ಕಣದ ಗಾತ್ರ 0.05 ಮಿಲಿಮೀಟರ್ ಇದ್ದರೂ 72ರ ಲೆಕ್ಕಕ್ಕೆ ಅದು ಮೂರೂವರೆ ಮಿಲಿಮೀಟರ್ ಕಲ್ಲು. ಬಣ್ಣ ನಿಜದ್ದು, ಗಾತ್ರ ಸುಳ್ಳು. ಈಗ ಚಿತ್ರ ಬರೆಯುವ ಒಣ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರ್ ಮೇಲೆ ಉಜ್ಜಿ ಬಂದ ಪುಡಿಯನ್ನು ಮೆತ್ತನೆ ಬ್ರಷ್‌ನಲ್ಲಿ ಸವರುತ್ತೇನೆ. ಬಣ್ಣ ಸುಳ್ಳು, ಗಾತ್ರ ನಿಜಕ್ಕೆ ಹತ್ತಿರ. ಕಣ್ಣು ಎರಡನೆಯದನ್ನೇ ನಂಬುತ್ತದೆ.

ಮುಗಿದ ವಿಮಾನವನ್ನು ಮೊದಲು ತೆರೆದ ಶೆಲ್ಫ್‌ನಲ್ಲಿ ಇಡುತ್ತಿದ್ದೆ. ಆಷಾಢದ ಗಾಳಿಗೆ ನಮ್ಮೂರಲ್ಲಿ ಯಾವ ಕಿಟಕಿಯೂ ಧೂಳು ತಡೆಯುವುದಿಲ್ಲ. ಒಂದೇ ವಾರದಲ್ಲಿ ರೆಕ್ಕೆಯ ಮೇಲೆಲ್ಲಾ ಅದೇ ಮೂರೂವರೆ ಮಿಲಿಮೀಟರ್ ಕಲ್ಲುಗಳು ಬಂದು ಕೂತಿದ್ದವು. ಈಗ ಮೀನಿನ ತೊಟ್ಟಿ ಮಾಡುವವರ ಹತ್ತಿರ ಅಳತೆ ಕೊಟ್ಟು ಗಾಜಿನ ಪೆಟ್ಟಿಗೆ ಮಾಡಿಸಿದ್ದೇನೆ. ಆಟದ ಸಾಮಾನು ಅನ್ನಿಸಿಕೊಂಡ ಹಳೆಯ ಹರಿಕೇನ್ ಮಾತ್ರ ಹೊರಗೇ ಇದೆ. ಅಕ್ಕನ ಮಗ ಬಂದಾಗ ಹಾರಿಸಲು ಅದು ಬೇಕು.